ಎರಡೂ ಕೈ ಬೇಕಾದ ಪೆಟ್ಟಿಗೆ

ಹೂಂ ಎನ್ನುತ್ತಿದೆ, ಯಾರೂ ಅದಕ್ಕೆ ಏನೂ ಹೇಳಿಲ್ಲ, ಆದರೂ ಹೂಂ ಎನ್ನುತ್ತಿದೆ ಈ ಪೆಟ್ಟಿಗೆ, ಕಥೆ ಕೇಳಲು ಕುಳಿತವರ ಹಾಗೆ, ಆಶ್ರಿತಾ ಇನ್ನೂ ತಂತಿ ಮುಟ್ಟಿಲ್ಲ, ಗಿಟಾರನ್ನು ತೊಡೆಯ ಮೇಲಿಟ್ಟು ವಯರು ಸಿಕ್ಕಿಸಿದ್ದಾಳೆ ಅಷ್ಟೆ ನನ್ನ ಮಗಳು, ಪೆಟ್ಟಿಗೆಯ ಹಿಂದಿನ ಜಾಲರಿಯೊಳಗೆ ಗಾಜಿನ ಬುರುಡೆಗಳು ಕೆಂಪಗಾಗುತ್ತಿವೆ — ಸ್ವಲ್ಪ ಬಿಸಿಯಾಗಬೇಕು ಅಂಕಲ್, ಟ್ಯೂಬಿನದ್ದಲ್ವಾ, ಸ್ವಿಚ್ಚು ಹಾಕಿದ ಕೂಡಲೇ ಬಾಯಿ ಬಿಡುವುದಿಲ್ಲ ಇದು, ಎನ್ನುತ್ತಾಳೆ ಶಾರ್ಲೆಟ್, ಕಾರ್ಕಳದ ಈ ಹಂಚಿನ ಮನೆಯವಳು, ಸೊಂಟದ ಮೇಲೆ ಮಗು, ಮಗುವಿನ ಮುಷ್ಟಿಯಲ್ಲಿ ಇವಳದೇ ಕೂದಲು, ಮದುವೆಗೆ ಮುಂಚೆ ಹುಡುಗಿಯರ ಒಂದು ಬ್ಯಾಂಡಿನಲ್ಲಿ ಇದೇ ಆಂಪ್ಲಿಫಯರಿನಿಂದ ಊರು ನಡುಗಿಸಿದವಳಂತೆ, ಈಗ ಇದನ್ನು ಸಣ್ಣಗೆ ಇಟ್ಟರೆ ಇದಕ್ಕೆ ಸಮಾಧಾನ ಇಲ್ಲ, ದೊಡ್ಡದು ಮಾಡಿದರೆ ಈ ಪುಟ್ಟಿಗೆ ನಿದ್ದೆ ಇಲ್ಲ, ಇಬ್ಬರಲ್ಲಿ ಒಬ್ಬರನ್ನು ಮಾರಬೇಕಾಯ್ತು ಅಂಕಲ್, ಇವಳನ್ನು ಯಾರೂ ತೆಗೆದುಕೊಳ್ಳುವುದಿಲ್ಲ, ಎಂದು ಮಗುವಿನ ಮೂಗು ಹಿಂಡುತ್ತಾಳೆ, ಆಶ್ರಿತಾ ನಗುತ್ತಾಳೆ, ನಾನೂ ನಗುತ್ತೇನೆ, ನನ್ನ ನಗುವಿಗೆ ಸದ್ದಿಲ್ಲ, ಕುತ್ತಿಗೆಯ ಮುಂದೆ ಕಟ್ಟಿದ ಬಿಳಿ ಬಟ್ಟೆ ಒಮ್ಮೆ ಉಬ್ಬಿ ಇಳಿಯುತ್ತದೆ, ಅಷ್ಟೆ, ಮಗು ಅದನ್ನೇ ನೋಡುತ್ತಿದೆ, ನೋಡಲಿ. ಕೆಂಪು, ಈ ಕೆಂಪು ಎಲ್ಲಿ ನೋಡಿದ್ದು, ಗಾಜಿನೊಳಗಿನ ಇಷ್ಟೇ ಇಷ್ಟು ಕೆಂಪು — ಬಂಗುಡೆಯ ಕಿವಿರಿನದ್ದು, ಅಮ್ಮ ಬುಟ್ಟಿ ಇಳಿಸಿ ಒಂದು ಮೀನು ಕೈಗೆತ್ತಿಕೊಂಡು ಹೆಬ್ಬೆರಳಿನಿಂದ ಕಿವಿರಿನ ಮುಚ್ಚಳ ಎತ್ತಿ ಗಿರಾಕಿಯ ಮೂಗಿನ ಹತ್ತಿರ ಹಿಡಿಯುತ್ತಿದ್ದಳು, ನೋಡಿ ಅಕ್ಕ, ಇನ್ನೂ ಉಸಿರಾಡುತ್ತ ಉಂಟು, ನಿಮ್ಮ ಮನೆಯ ಬಾವಿಗೆ ಹಾಕಿದರೆ ಈಜೀತು, ಎಂಥ ಸುಳ್ಳು, ಎಂಥ ಹೆಬ್ಬೆರಳು, ಉಪ್ಪು ನೀರು ತಿಂದು ಉಗುರು ಸೊಟ್ಟಗಾದ, ಅಂಚಿನಲ್ಲಿ ಬಿರುಕು ಬಿಟ್ಟ ಹೆಬ್ಬೆರಳು.

ಬೆಳಿಗ್ಗೆ ಮಣಿಪಾಲದ ಅಂಗಡಿಯಲ್ಲಿ ನೋಡಿದ ಪೆಟ್ಟಿಗೆ ಹೀಗೆ ಹೂಂ ಎನ್ನಲಿಲ್ಲ, ಅದು ಸಭ್ಯಸ್ಥ, ಒಂದು ಕೈಯಲ್ಲಿ ಎತ್ತುವಷ್ಟೇ ಇತ್ತು, ಟಿಫಿನ್ ಕ್ಯಾರಿಯರ್ ಹಾಗೆ ಮೇಲೊಂದು ಹಿಡಿ, ನಾನು ಎತ್ತಿ ನೋಡಿದೆ, ಅಭ್ಯಾಸ, ಯಾವುದನ್ನಾದರೂ ಕೊಳ್ಳುವ ಮೊದಲು ಎತ್ತಿ ನೋಡಬೇಕು ನನಗೆ, ಒತ್ತಿ ನೋಡಬೇಕು, ಮೂಸಿ ನೋಡಲಿಲ್ಲ ಎನ್ನುವುದೊಂದೇ ಮರ್ಯಾದೆ, ಅಂಗಡಿಯ ತಿಲಕ್ ಎನ್ನುವವನು, ಸರ್ ಇದರಲ್ಲಿ ಲೋಕದ ಎಲ್ಲ ದೊಡ್ಡ ಆಂಪುಗಳ ಸ್ವರ ಉಂಟು, ಫೋನಿನಲ್ಲಿ ಒತ್ತಿದರಾಯ್ತು, ಎಂದ — ಅಂಜಲ್, ಮಾಂಜಿ, ಬಂಗುಡೆ ಎಲ್ಲ ಮೀನಿನ ರುಚಿಯೂ ಒಂದೇ ಮಸಾಲೆ ಪೊಟ್ಟಣದಲ್ಲಿ ಉಂಟು ಎಂದರೆ ನಂಬುವವನಲ್ಲ ನಾನು, ಆದರೆ ನ್ಯಾಯವಾಗಿ ಹೇಳಬೇಕು, ಸ್ವರ ಚೆನ್ನಾಗಿಯೇ ಇತ್ತು, ಸಣ್ಣ ಪೆಟ್ಟಿಗೆಯಿಂದ ದೊಡ್ಡ ಗುಡುಗು, ಆಶ್ರಿತಾಳ ಹುಬ್ಬು ಮೇಲೇರಿತು, ಮನೆಯಲ್ಲಿ ನುಡಿಸಲಿಕ್ಕೆ ಇದೇ ಸರಿ ಸರ್, ಹೆಡ್‌ಫೋನ್ ಹಾಕಿದರೆ ಪಕ್ಕದ ಕೋಣೆಯವರಿಗೂ ಗೊತ್ತಾಗುವುದಿಲ್ಲ, ಎನ್ನುತ್ತಾ ತಿಲಕ್ ಅವಳ ಎರಡೂ ಕಿವಿಗಳಿಗೆ ಕರಿ ಮುಚ್ಚಳ ಹಾಕಿಯೇ ಬಿಟ್ಟ, ಅವಳು ನುಡಿಸಿದಳು, ಕಣ್ಣು ಮುಚ್ಚಿದಳು, ಭುಜ ಅಲ್ಲಾಡಿತು, ಒಳಗೆಲ್ಲೋ ಆ ಗುಡುಗು ನಡೆಯುತ್ತಿದೆ, ಹೊರಗೆ ನಮಗೆ ಕೇಳಿದ್ದು ಟಿಕ್ ಟಿಕ್ ಟಿಕ್, ಗೋಡೆಯ ಮೇಲಿನ ಹಲ್ಲಿಯ ಹಾಗೆ, ನನ್ನ ಎದುರೇ ಕುಳಿತವಳು ಎಲ್ಲಿಗೋ ಹೋಗಿಬಿಟ್ಟಳು. ನನಗೆ ಭಯವಾಯಿತು, ಹೌದು, ಭಯವೇ, ಅದಕ್ಕೆ ಬೇರೆ ಹೆಸರು ಯಾಕೆ. ಈ ಸಭ್ಯಸ್ಥ ಕಾಪುವಿನ ನಮ್ಮ ಮನೆಗೆ ಬಂದರೆ ಏನಾಗುತ್ತದೆ ಎಂದು ಅಲ್ಲೇ ಕಂಡಿತು — ಅವಳ ತಾಯಿ ತೀರಿಹೋದ ಮೇಲೆ ಮನೆಯಲ್ಲಿ ಇರುವುದೇ ಮೂರು ಜನ, ಆಶ್ರಿತಾ ಉಡುಪಿಯ ಲ್ಯಾಬಿನ ಕೆಲಸ ಮುಗಿಸಿ ಬಂದು ಕಿವಿ ಮುಚ್ಚಿಕೊಂಡು ಅವಳ ಕೋಣೆಯಲ್ಲಿ, ನನ್ನ ಅಮ್ಮ ಅಕ್ಕು ಎಂಬತ್ತು ದಾಟಿ ಕಿವಿ ಮಂದವಾಗಿ ಚಾವಡಿಯಲ್ಲಿ, ನಾನು ಬಾಯಿ ಮುಚ್ಚಿಕೊಂಡು ಹಿತ್ತಿಲಲ್ಲಿ, ಮೂರು ಡಬ್ಬಿ, ಮೂರಕ್ಕೂ ಮುಚ್ಚಳ, ಮತ್ತೆ ಯಾರು ಬಂದು ತೆರೆಯುವುದು. ತಿಲಕ್ ಒಳ್ಳೆಯವನು, ಸಂಜೆಯವರೆಗೆ ಇದನ್ನು ತೆಗೆದಿಡುತ್ತೇನೆ ಸರ್, ಕಾರ್ಕಳದ್ದನ್ನೂ ನೋಡಿ ಬನ್ನಿ, ಆದರೆ ಹಳೇ ಟ್ಯೂಬ್ ಆಂಪ್ ಮನೆಗೆಲ್ಲ ಆಗುವುದಿಲ್ಲ, ಎಂದ, ಆಗುವುದಿಲ್ಲ, ಈ ಮಾತನ್ನು ನಾನು ಬಹಳ ಕೇಳಿದ್ದೇನೆ ಈಚೆಗೆ.

ನಾನು ಮಾತಾಡುವುದಿಲ್ಲ. ಆಗುವುದಿಲ್ಲ ಎಂದಲ್ಲ, ಆಡುವುದಿಲ್ಲ. ಮಲ್ಪೆ ಬಂದರಿನ ದಕ್ಕೆಯಲ್ಲಿ ಬೋಟು ಬಂದು ನಿಂತರೆ ಮೀನಿನ ರಾಶಿಯ ಪಕ್ಕದಲ್ಲಿ ನಿಂತು ಏಲಂ ಕೂಗುತ್ತಿದ್ದವನು ನಾನು, ಸರ್ವೋತ್ತಮಣ್ಣ ಕೂಗಿದರೆ ಕಡಲಲ್ಲಿದ್ದ ಬೋಟಿಗೂ ಇವತ್ತಿನ ರೇಟು ಗೊತ್ತಾಗುತ್ತದೆ ಎಂದು ಕುಶಾಲು ಮಾಡುತ್ತಿದ್ದರು, ಮೈಕು ಇಲ್ಲ, ಐಸಿನ ಗಿರಣಿ ಒಂದು ಕಡೆ, ಕಾಗೆ ಒಂದು ಕಡೆ, ಬುಟ್ಟಿ ಹಿಡಿದ ಹೆಂಗಸರ ಜಗಳ ಇನ್ನೊಂದು ಕಡೆ, ಎಲ್ಲದರ ಮೇಲಿಂದ ನನ್ನ ಸ್ವರ, ಒಂದನೇ ಸರ್ತಿ, ಎರಡನೇ ಸರ್ತಿ, ಮೂರನೆಯದಕ್ಕೆ ಮುಂಚೆ ಒಂದು ಚೂರು ನಿಲ್ಲಿಸುತ್ತಿದ್ದೆ, ಆ ಚೂರಿನಲ್ಲಿ ಮನುಷ್ಯರ ಮುಖ ನೋಡಬೇಕು, ಬೇಕು ಎಂದಿದ್ದರೂ ಬಾಯಿ ಬಿಡದವರ ಮುಖ, ಹೇಳಿ ಮಾರಾಯ್ರೆ, ಈಗ ಸುಮ್ಮನಿದ್ದರೆ ಮೀನು ಇನ್ನೊಬ್ಬರ ಲಾರಿಗೆ ಹೋಗುತ್ತದೆ, ಎಂದು ಬೈದು ಎಬ್ಬಿಸುತ್ತಿದ್ದೆ — ಆಮೇಲೆ ಗಂಟಲು ಕಟ್ಟಿತು, ಕಷಾಯ ಕುಡಿದೆ, ಜೇನು ನೆಕ್ಕಿದೆ, ಕೊನೆಗೆ ಡಾಕ್ಟರು ಹೇಳಿದರು, ಗಂಟಲಿನ ಸ್ವರದ ಪೆಟ್ಟಿಗೆಯನ್ನೇ ತೆಗೆಯಬೇಕು ಸರ್ವೋತ್ತಮರೇ, ಜೀವ ಬೇಕಾದರೆ, ತೆಗೆದರು, ಜೀವ ಉಂಟು. ಈಗ ಉಸಿರು ಮೂಗಿನಿಂದ ಅಲ್ಲ, ಕುತ್ತಿಗೆಯಲ್ಲಿ ಮಾಡಿದ ತೂತಿನಿಂದ, ಮೀನಿನ ಹಾಗೆ, ಕಡಲಿನವನಿಗೆ ಸರಿಯಾದ್ದೇ ಸಿಕ್ಕಿತು ಎಂದು ನನಗೆ ನಾನೇ ತಮಾಷೆ ಮಾಡಿಕೊಳ್ಳುತ್ತೇನೆ, ಮತ್ತೆ ಆ ತೂತಿನ ಒಳಗೊಂದು ಪುಟ್ಟ ಕವಾಟ ಇಟ್ಟಿದ್ದಾರೆ, ತೂತನ್ನು ಹೆಬ್ಬೆರಳಿನಿಂದ ಒತ್ತಿ ಮುಚ್ಚಿ ಉಸಿರು ಬಿಟ್ಟರೆ ಗಾಳಿ ಆ ಕವಾಟದಿಂದ ಅನ್ನ ಇಳಿಯುವ ಕೊಳವೆಗೆ ಹೋಗಿ ಅಲ್ಲಿ ಗುರುಗುಟ್ಟಿ ಬಾಯಿಗೆ ಬರುತ್ತದೆ, ಅದೇ ಮಾತು, ಮಾತು ಕಲಿಸುವ ತೃಪ್ತಿ ಮೇಡಂ, ನನ್ನ ಮಗಳ ಪ್ರಾಯ, ಒತ್ತಿ ಅಂಕಲ್, ಗಟ್ಟಿ ಒತ್ತಿ, ಗಾಳಿ ಬದಿಯಿಂದ ಹೋಗಬಾರದು, ಈಗ ಆ ಎನ್ನಿ, ಎಂದಾಗ ನನ್ನೊಳಗಿಂದ ಬಂದದ್ದು ನನ್ನ ಸ್ವರ ಅಲ್ಲ, ಬಾವಿಯ ತಳದಲ್ಲಿ ಯಾರೋ ಕಲ್ಲು ಉರುಳಿಸಿದ ಹಾಗೆ, ಚೆನ್ನಾಗಿ ಬಂತು ಅಂಕಲ್, ಎಂದು ಅವರು ಕೈ ತಟ್ಟಿದರು. ಇವತ್ತು ಮಣಿಪಾಲದಿಂದ ಓಮ್ನಿಯಲ್ಲಿ ಬರುವಾಗ ಆಶ್ರಿತಾ ಸ್ಟಿಯರಿಂಗ್ ಹಿಡಿದುಕೊಂಡೇ ಪಾಠ ಮಾಡಿದಳು, ಗೇನ್ ಎಂದರೆ ಜೋರು ಅಲ್ಲ ಪಪ್ಪ, ಜೋರು ಬೇರೆ, ಗೇನ್ ಎಂದರೆ ಒಳಗೆ ಎಷ್ಟು ದೂಡುವುದು ಅಂತ, ತಡೆಯಲಿಕ್ಕಾಗದಷ್ಟು ದೂಡಿದರೆ ಸ್ವರ ಒಡೆಯುತ್ತದೆ, ಒಡೆಯಬೇಕು, ಅದಕ್ಕೇ ಇದು, ನಾನು ಕಿಟಕಿಯ ಹೊರಗೆ ನೋಡಿದೆ, ಲೋಕದಲ್ಲಿ ಜನ ಕಾಸು ಕೊಟ್ಟು ಸ್ವರ ಒಡೆಸಿಕೊಳ್ಳುತ್ತಾರೆ, ನನಗೆ ಆಪರೇಷನ್ ಮಾಡಿ ಕೊಟ್ಟದ್ದು ಅದೇ ಸರಕು, ನಾನದನ್ನು ಬಟ್ಟೆ ಕಟ್ಟಿ ಮುಚ್ಚಿಟ್ಟಿದ್ದೇನೆ.

ಮುಚ್ಚಿಟ್ಟದ್ದು ನಾಚಿಕೆಯಿಂದಲ್ಲ, ಆ ಮಧ್ಯಾಹ್ನದಿಂದ. ಆಸ್ಪತ್ರೆಯಿಂದ ಬಂದು ಕೆಲವು ದಿನ ಆಗಿತ್ತು, ಸೆಕೆ, ಗಾಳಿಯ ಸುಳಿವಿಲ್ಲ, ಅಮ್ಮ ಚಾವಡಿಯಲ್ಲಿ ಕುಳಿತು ಬೆಳ್ಳುಳ್ಳಿ ಬಿಡಿಸುತ್ತಿದ್ದಾಳೆ, ನನ್ನ ಮೊದಲ ಮಾತು ಅವಳ ಹತ್ತಿರವೇ ಆಗಲಿ ಎಂದು ಒಳಗಿನ ಕೋಣೆಯಲ್ಲಿ ಗುಟ್ಟಾಗಿ ಅಭ್ಯಾಸ ಮಾಡಿ, ಬಾಗಿಲ ಹಿಂದೆ ನಿಂತು, ಹೆಬ್ಬೆರಳು ಒತ್ತಿ, ಅಮ್ಮ, ನೀರು, ಎಂದೆ. ಅಷ್ಟೇ ಅಂದದ್ದು. ಅವಳ ಮಂದ ಕಿವಿಗೆ ಅಕ್ಷರ ಬೀಳಲಿಲ್ಲ, ಸದ್ದಿನ ಭಾರ ಮಾತ್ರ ಬಿತ್ತು, ಆ ಭಾರ ಅವಳಿಗೆ ಗೊತ್ತಿದ್ದದ್ದು, ಅವಳ ಅಣ್ಣ ಅಂಗಾರ, ನನ್ನ ಸೋದರಮಾವ, ಅವನ ಮೇಲೆ ಕಡಲ ದೈವ ಬೊಬ್ಬರ್ಯನ ದರ್ಶನ ಬರುತ್ತಿತ್ತು, ದೈವ ಮೈಮೇಲೆ ಬಂದಾಗ ಅಷ್ಟು ಸಪೂರದ ಮನುಷ್ಯನ ಹೊಟ್ಟೆಯ ಅಡಿಯಿಂದ ಹೀಗೇ ಒಡಕು ಒಡಕಾಗಿ ನುಡಿ ಹೊರಡುತ್ತಿತ್ತು, ನಾವು ಮಕ್ಕಳು ಅಮ್ಮನ ಸೆರಗಿನ ಹಿಂದೆ ಅಡಗುತ್ತಿದ್ದೆವು — ನಾನು ಬಾಗಿಲು ದಾಟಿ ಹೊರಗೆ ಬರುವಾಗ ಅಮ್ಮ ಎದ್ದು ನಿಂತಿದ್ದಳು, ಬೆಳ್ಳುಳ್ಳಿ ನೆಲದಲ್ಲಿ ಚೆಲ್ಲಿತ್ತು, ಸೆರಗು ಹೆಗಲು ಸುತ್ತಿ ಸೊಂಟಕ್ಕೆ ಬಂದಿತ್ತು, ಎರಡೂ ಕೈ ಎದೆಯ ಹತ್ತಿರ ಕೂಡಿದ್ದವು, ಮುಗಿದ ಕೈ, ನನಗೆ ಮುಗಿದ ಕೈ, ಕಣ್ಣು ನನ್ನನ್ನು ನೋಡುತ್ತಿಲ್ಲ, ನನ್ನ ಮೇಲೆ ಬಂದವನನ್ನು ನೋಡುತ್ತಿದೆ, ಸ್ವಾಮೀ, ನಮ್ಮಿಂದ ಎಂತ ತಪ್ಪಾಯಿತು, ತಪ್ಪಿದ್ದರೆ ನನ್ನ ತಲೆಗೆ ಇರಲಿ, ನಾನು ಮುದುಕಿ, ನನ್ನ ಸರ್ವುವಿಗೆ ಅವನ ಸ್ವರ ಹಿಂದೆ ಕೊಡು. ನನ್ನ ಹತ್ತಿರ ಬೇಡುತ್ತಿದ್ದಾಳೆ, ನನ್ನ ಸ್ವರವನ್ನು, ನನಗಾಗಿ. ನಾನು ಹೆಬ್ಬೆರಳು ಒತ್ತಿ ಅಲ್ಲ ಅಮ್ಮ, ನಾನು, ಎಂದೆ, ಅದು ಇನ್ನೂ ಕೆಟ್ಟದಾಗಿ ಹೊರಟಿತು, ಅವಳು ನಡುಗಿ ಇನ್ನೂ ಬಾಗಿದಳು, ಹಣೆ ಬೆರಳುಗಳಿಗೆ ತಾಗಿತು, ಆಶ್ರಿತಾ ಅಡಿಗೆಮನೆಯಿಂದ ಓಡಿ ಬಂದು ಅಜ್ಜೀ, ಅದು ಪಪ್ಪ, ಪಪ್ಪನೇ ಮಾತಾಡುವುದು, ಕುತ್ತಿಗೆ ನೋಡಿ, ಇಲ್ಲಿ ಬೆರಳು ಇಟ್ಟರೆ ಮಾತು ಬರುತ್ತದೆ, ಎಂದು ಕಿವಿಯ ಹತ್ತಿರ ಕೂಗಿ ಕೂಗಿ ಹೇಳಿದಳು, ಅಮ್ಮ ತಲೆ ಎತ್ತಿದಳು, ನನ್ನನ್ನು ನೋಡಿದಳು, ಈಗ ನಿಜವಾಗಿ ನನ್ನನ್ನು, ಮತ್ತೆ ಇನ್ನೂ ಕೂಡಿಯೇ ಇದ್ದ ತನ್ನ ಎರಡು ಕೈಗಳನ್ನು ನೋಡಿದಳು, ಯಾರದೋ ಕೈಗಳನ್ನು ನೋಡಿದ ಹಾಗೆ, ಅಯ್ಯೋ ದೇವರೇ, ಹೆತ್ತವಳು ಮಗನಿಗೆ ಕೈ ಮುಗಿದೆನಲ್ಲ, ಅವನ ಆಯುಷ್ಯ ಎಂತಾದೀತು. ನೀರು ಯಾರೂ ಕೊಡಲಿಲ್ಲ ಆ ದಿನ, ನಾನೂ ಕೇಳಲಿಲ್ಲ.

ಆಮೇಲೆ ಅವಳು ಆ ಕೈಗಳಿಗೆ ಶಿಕ್ಷೆ ಕೊಟ್ಟಳು, ದೇವರ ಮುಂದೆ ಕೂಡ ಕೈ ಮುಗಿಯುವುದಿಲ್ಲ ಈಗ, ದೀಪ ಹಚ್ಚಿ ಸುಮ್ಮನೆ ನಿಲ್ಲುತ್ತಾಳೆ, ಕೈ ಎರಡೂ ಬದಿಯಲ್ಲಿ ನೇತಾಡುತ್ತವೆ, ಉಚ್ಚಿಲದ ದೇವಸ್ಥಾನದ ಅಮ್ಮನವರಿಗೆ ನನ್ನ ಆಯುಷ್ಯಕ್ಕಾಗಿ ಹರಕೆ ಹೇಳಿಕೊಂಡದ್ದೂ ಕೈ ಕೆಳಗೆ ಬಿಟ್ಟುಕೊಂಡೇ, ಜನ ನೋಡಿದರು, ನೋಡಲಿ. ನಾನು ಮಾತು ನಿಲ್ಲಿಸಿದೆ. ಆ ಸ್ವರ ಮತ್ತೊಮ್ಮೆ ಹೊರಟರೆ ಆ ಕೈಗಳು ಮತ್ತೊಮ್ಮೆ ತಾವಾಗಿಯೇ ಕೂಡಿಬಿಟ್ಟರೆ ಏನು ಮಾಡುವುದು, ತಡೆಯಲಿಕ್ಕಾಗುತ್ತದೆಯೇ, ಎಂಬತ್ತು ವರ್ಷದ ಅಭ್ಯಾಸ, ಗುಡುಗು ಕೇಳಿದರೆ ಅರ್ಜುನಾ ಎಂದು ಬಾಯಿಗೆ ಬರುವ ಹಾಗೆ. ಬೇಡ. ಆಶ್ರಿತಾಳ ಹತ್ತಿರ ಫೋನಿನಲ್ಲಿ ಬರೆದು ತೋರಿಸುತ್ತೇನೆ, ಅಮ್ಮನಿಗೆ ಓದು ಬರುವುದಿಲ್ಲ, ಅಮ್ಮನಿಗೂ ನನಗೂ ಈಗ ಕೈಸನ್ನೆ, ಊಟ, ಮಾತ್ರೆ, ಮಳೆ ಬರುತ್ತದೆ ಬಟ್ಟೆ ತೆಗಿ, ಅದರಾಚೆ ಸನ್ನೆ ಎಲ್ಲಿಂದ, ಅವಳೂ ಕೇಳುವುದಿಲ್ಲ, ಬೇಡ ಮಗ ಆಯಾಸ ಮಾಡಿಕೊಳ್ಳಬೇಡ ಎನ್ನುತ್ತಾಳೆ, ತೃಪ್ತಿ ಮೇಡಂ ಫೋನು ಮಾಡಿ ಅಂಕಲ್ ಅಭ್ಯಾಸ ಬಿಟ್ಟರೆ ಬಂದದ್ದೂ ಹೋಗುತ್ತದೆ ಎನ್ನುತ್ತಾರೆ, ಹೋಗಲಿ ಎನ್ನಲಿಕ್ಕೂ ಮಾತು ಬೇಕಲ್ಲ. ಆಶ್ರಿತಾಳದ್ದು ಇನ್ನೊಂದು, ಮೊದಲು ಮನೆಯಲ್ಲಿ ಗೋಡೆ ಅದುರುವ ಹಾಗೆ ನುಡಿಸುತ್ತಿದ್ದವಳು, ನಾನು ದಕ್ಕೆಯಿಂದ ಬಂದವನು ಅಂಗಳದಿಂದಲೇ ಕೂಗುತ್ತಿದ್ದೆ, ಏ ಹುಡುಗಿ ಅದೆಂತದು, ಬೋಟಿನ ಇಂಜಿನ್ ಬಿಚ್ಚುತ್ತಾ ಇದ್ದೀಯಾ, ಅವಳು ಒಳಗಿಂದ, ಹೌದು ಪಪ್ಪ ನಿಮ್ಮ ಏಲಂಗಿಂತ ಇದೇ ಚೆನ್ನ, ಅಮ್ಮ ನಡುವೆ, ಇಬ್ಬರೂ ಸೇರಿ ನನ್ನ ಕಿವಿ ತೆಗೆದಿರಿ, ಎಂಥ ಗಲಾಟೆಯ ಮನೆ ಅದು, ಎಷ್ಟು ಸುಖ ಇತ್ತು — ಆಪರೇಷನ್ ಆದ ಮೇಲೆ ಗೆಳೆಯ ರೋಹಿತನಿಂದ ಎರವಲು ತಂದಿಟ್ಟುಕೊಂಡಿದ್ದ ಆಂಪನ್ನು ಅವನಿಗೆ ಹಿಂದೆ ಕೊಟ್ಟಳು, ಪಪ್ಪನಿಗೆ ವಿಶ್ರಾಂತಿ ಬೇಕು ಎಂದಳು, ನಿಜವಾದ ಕಾರಣ ನನಗೆ ಗೊತ್ತು, ಸ್ವರ ಹೋದವನ ಎದುರು ಸ್ವರ ಮಾಡಬಾರದು ಎಂದು, ವಯರಿಲ್ಲದ ಗಿಟಾರು ಟಿಕ್ ಟಿಕ್ ಟಿಕ್, ದಿನಾ ಸಂಜೆ, ಒಬ್ಬರಿಗಾಗಿ ಒಬ್ಬರು ಬಾಯಿ ಮುಚ್ಚಿಕೊಂಡು ಮನೆಯನ್ನು ಸಾಯಿಸುತ್ತಿದ್ದೇವೆ. ಅದಕ್ಕೇ ನಾನು ಫೋನಿನಲ್ಲಿ ಬರೆದೆ, ಆಂಪ್ಲಿಫಯರ್ ತರುವ, ನಿನಗೆ ಬೇಕಾದ್ದು ನೋಡು, ಅವಳು ನೋಡಿದ್ದು ಎರಡು, ಒಂದು ಬೇಕಾದ್ದು, ಒಂದು ಹೆಡ್‌ಫೋನಿನದ್ದು.

ಈಗ ನುಡಿಸುತ್ತಾಳೆ. ಮೊದಲ ಏಟಿಗೇ ಕಿಟಕಿಯ ಗಾಜು ಜಿರ್ ಎಂದಿತು, ನನ್ನ ಅಂಗಾಲಿಗೆ ಬಂತು, ಮೊಣಕಾಲಿಗೆ ಬಂತು, ಅಂಗೈಯಿಂದ ತಂತಿಯನ್ನು ಅರೆ ಒತ್ತಿಕೊಂಡು ದಪ್ಪ ತಂತಿಯ ಮೇಲೆ ಹೊಡೆಯುತ್ತಾಳೆ, ಧಡ್ ಧಡ್ ಧಡ್, ಮತ್ತೆ ಕೈ ಎತ್ತಿಬಿಡುತ್ತಾಳೆ, ಅಷ್ಟು ಹೊತ್ತು ಒತ್ತಿ ಹಿಡಿದದ್ದು ಒಮ್ಮೆಲೇ ಬಾಯಿ ತೆರೆದು ಹೊರಗೆ ಬರುತ್ತದೆ, ಒಡೆದ ಸ್ವರ, ಪೂರ್ತಿ ಒಡೆದದ್ದು, ಆದರೂ ಎಷ್ಟು ಮೈಕಟ್ಟಿನದ್ದು, ಚೂರುಗಳೆಲ್ಲ ಸೇರಿ ನಿಂತ ಹಾಗೆ, ಮಣಿಪಾಲದ್ದು ಇದನ್ನು ಚೆನ್ನಾಗಿ ನಕಲು ಮಾಡಿತ್ತು ನಿಜ, ಆದರೆ ಅದು ಮುಖಕ್ಕೆ ಬಂತು, ಇದು ಕಾಲಿಗೆ ಬರುತ್ತದೆ, ಇದಾದರೆ ಅಮ್ಮನಿಗೆ ಕೇಳುತ್ತದೆ, ಕಿವಿಗೆ ಅಲ್ಲ, ಚಾವಡಿಯ ನೆಲದಿಂದ ಕಾಲಿಗೆ, ಶಾರ್ಲೆಟ್ ಕಣ್ಣು ಮುಚ್ಚಿ ತಲೆ ಆಡಿಸುತ್ತಿದ್ದಾಳೆ, ಮಗು ಬಾಯಿ ತೆರೆದು ಪೆಟ್ಟಿಗೆಯನ್ನು ನೋಡುತ್ತಿದೆ, ಅಳುವುದೋ ನಗುವುದೋ ಎಂದು ತೀರ್ಮಾನ ಆಗಿಲ್ಲ. ಆಶ್ರಿತಾ ಅಂಗೈಯನ್ನು ತಂತಿಗಳ ಮೇಲೆ ಮಲಗಿಸಿದಳು, ಎಲ್ಲ ನಿಂತಿತು, ಹೂಂ ಮಾತ್ರ ಉಳಿಯಿತು. ಚೆನ್ನಾಗುಂಟು ಅಕ್ಕ, ಬಹಳ ಚೆನ್ನಾಗುಂಟು, ಆದರೆ ನಮಗೆ ಮಣಿಪಾಲದ್ದೇ ಸಾಕು ಅಂತ ಕಾಣುತ್ತದೆ, ಮನೆಯಲ್ಲಿ ಪಪ್ಪ ಇದ್ದಾರೆ, ಅಜ್ಜಿ ಇದ್ದಾರೆ. ನಾನು ಫೋನು ತೆಗೆದು ಬರೆದು ಹಿಡಿದೆ, ಇದೇ ಇರಲಿ. ಅವಳು ಓದಿದಳು, ತಲೆ ಅಲ್ಲಾಡಿಸಿದಳು, ನೀವು ನನಗೋಸ್ಕರ ಬರೆಯುವುದು ಪಪ್ಪ, ಬರೆದದ್ದರಲ್ಲಿ ನಿಮ್ಮ ಮನಸ್ಸು ನನಗೆ ಗೊತ್ತಾಗುವುದಿಲ್ಲ, ಮೊದಲಾದರೆ ಸ್ವರದಲ್ಲೇ ಗೊತ್ತಾಗುತ್ತಿತ್ತು, ಎಂದು ಹೇಳಿ ತುಟಿ ಕಚ್ಚಿಕೊಂಡಳು, ಹೇಳಬಾರದ್ದು ಹೇಳಿದೆ ಎಂದು, ವಯರು ಕೀಳಲು ಬಗ್ಗಿದಳು, ಹಾಗಾದರೆ ಬೇಡ ಅಂತಲಾ, ಎಂದಳು ಶಾರ್ಲೆಟ್, ಸ್ವಿಚ್ಚಿನ ಹತ್ತಿರ ಕೈ ಇಟ್ಟು. ಒಂದನೇ ಸರ್ತಿ. ಈಗ ಸುಮ್ಮನಿದ್ದರೆ ಮೀನು ಇನ್ನೊಬ್ಬರ ಲಾರಿಗೆ. ಎರಡನೇ ಸರ್ತಿ, ಆ ಚೂರು ಹೊತ್ತು, ಬೇಕು ಎಂದಿದ್ದರೂ ಬಾಯಿ ಬಿಡದವರ ಮುಖ, ಸಾವಿರ ಸಲ ನೋಡಿದ ಮುಖ, ಈಗ ಅದು ನನ್ನದು, ಮುಗಿದ ಕೈ ಕಾಣುತ್ತಿದೆ, ಹಣೆಗೆ ತಾಗಿದ ಬೆರಳು ಕಾಣುತ್ತಿದೆ, ಇಲ್ಲಿ ಅಮ್ಮ ಇಲ್ಲ, ಇಲ್ಲಿಲ್ಲ — ಹೆಬ್ಬೆರಳು ಬಟ್ಟೆಯ ಮೇಲಿಂದಲೇ ತೂತಿಗೆ ಹೋಯಿತು, ಒತ್ತಿತು, ಇದು ಬೇಕು, ಎಂದೆ, ಕಲ್ಲು ಉರುಳಿತು, ಇದೇ ಬೇಕು, ಮೂರನೇ ಸರ್ತಿ. ಯಾರೂ ಕೈ ಮುಗಿಯಲಿಲ್ಲ. ಮಗು ನನ್ನ ಕಡೆ ತಿರುಗಿ, ಕೊನೆಗೂ ತೀರ್ಮಾನ ಮಾಡಿ, ದೊಡ್ಡ ಸ್ವರದಲ್ಲಿ ಅಳಲಿಕ್ಕೆ ಶುರು ಮಾಡಿತು, ಶಾರ್ಲೆಟ್ ಅದರ ಬೆನ್ನು ತಟ್ಟುತ್ತಾ, ಎಂತ ಅಂಕಲ್ ನೀವು, ಇಷ್ಟು ಒಳ್ಳೆ ಗೇನ್ ನಿಮ್ಮ ಹತ್ತಿರವೇ ಇಟ್ಟುಕೊಂಡು ನನ್ನ ಪೆಟ್ಟಿಗೆ ಕೊಳ್ಳಲಿಕ್ಕೆ ಬಂದದ್ದಾ, ಎಂದಳು, ಆಶ್ರಿತಾ ನಗಲಿಲ್ಲ, ಬಗ್ಗಿದಲ್ಲೇ ನನ್ನನ್ನು ನೋಡುತ್ತಿದ್ದಳು, ಅವಳ ಅಂಗೈ ತಂತಿಯಿಂದ ಎದ್ದದ್ದು ಅವಳಿಗೇ ಗೊತ್ತಾಗಲಿಲ್ಲ, ಪೆಟ್ಟಿಗೆ ತನ್ನಷ್ಟಕ್ಕೆ ಕೂಗಲಿಕ್ಕೆ ಹಿಡಿಯಿತು, ಸಣ್ಣಗೆ, ಆಮೇಲೆ ದೊಡ್ಡದಾಗಿ, ಯಾರೂ ನಿಲ್ಲಿಸಲಿಲ್ಲ.

ಬೆಳ್ಮಣ್ಣು ದಾಟಿತು, ಶಿರ್ವ ದಾಟಿತು, ಓಮ್ನಿಯ ಹಿಂದಿನ ಸೀಟಿನಲ್ಲಿ ಪೆಟ್ಟಿಗೆ ಹಳೇ ಬೆಡ್‌ಶೀಟು ಹೊದ್ದು ಕುಳಿತಿದೆ, ತಿಲಕನಿಗೆ ಬೇಡ ಎಂದು ಫೋನು ಮಾಡಿ ಆಯಿತು, ಕಟಪಾಡಿಯಲ್ಲಿ ಹೆದ್ದಾರಿಗೆ ತಿರುಗುವಾಗ ಆಶ್ರಿತಾ, ಪಪ್ಪ, ಇನ್ನೊಮ್ಮೆ ಹೇಳಿ, ಎಂತಾದರೂ, ಎಂದಳು, ನಾನು ಒತ್ತಿ, ಮುಂದೆ ನೋಡಿ ಬಿಡು, ಬಸ್ಸು, ಎಂದೆ, ಅವಳು ಅಳುತ್ತಾ ಬ್ರೇಕು ಹಾಕಿದಳು. ಆದರೆ ಕಾರ್ಕಳದಲ್ಲಿ ಹೇಳಿದ್ದು ಹೊರಗಿನವರ ಎದುರು, ಕಾರಿನೊಳಗೆ ಹೇಳಿದ್ದು ಮಗಳ ಎದುರು, ಮನೆಯಲ್ಲಿ ಅಮ್ಮ ಇದ್ದಾಳೆ, ಕಾಪು ಹತ್ತಿರ ಬಂದಷ್ಟೂ ಆ ಎರಡು ಕೈಗಳೂ ಹತ್ತಿರ ಬರುತ್ತಿವೆ, ಬಿಸಿಲು ಇನ್ನೂ ಅಂಗಳದಲ್ಲಿ ಉಂಟು, ಕಡಲ ಗಾಳಿ ಎದ್ದಿದೆ, ಕಾರು ನಿಂತಿತು, ಪಕ್ಕದ ಮನೆಯ ಕಿಟ್ಟಣ್ಣನನ್ನು ಕರೆಯುತ್ತೇನೆ ಪಪ್ಪ, ನೀವು ಭಾರ ಎತ್ತಬಾರದು, ಡಾಕ್ಟರು ಹೇಳಿದ್ದಾರೆ, ಹೌದು, ಕುತ್ತಿಗೆಯಲ್ಲಿ ತೂತು ಇದ್ದವನಿಗೆ ಉಸಿರು ಕಟ್ಟಿ ಹಿಡಿಯಲಿಕ್ಕಾಗುವುದಿಲ್ಲ, ದಮ್ಮು ಇಲ್ಲದೆ ಭಾರ ಏಳುವುದಿಲ್ಲ, ಎಲ್ಲ ಗೊತ್ತು, ನಾನು ಒಂದು ಬದಿಯ ಹಿಡಿಗೆ ಆಗಲೇ ಕೈ ಹಾಕಿದ್ದೆ, ಒಂದು ಕೈ ಸಾಲದು, ಇನ್ನೊಂದು ಕೈ ಅಡಿಗೆ, ಅವಳು ಆ ಬದಿಯಿಂದ, ಇಬ್ಬರೂ ಎತ್ತಿದೆವು, ಅಯ್ಯಪ್ಪಾ ಏನು ತೂಕ, ತೂತಿನಿಂದ ಉಸಿರು ಬುಸ್ ಬುಸ್ ಎಂದು ಹೋಗುತ್ತಿದೆ, ಮೆಟ್ಟಿಲು, ಮೊದಲು ನಾನು, ಹಿಮ್ಮುಖವಾಗಿ ಅಲ್ಲ, ಬದಿಯಾಗಿ, ಎರಡನೇ ಮೆಟ್ಟಿಲು, ಬಾಗಿಲಲ್ಲಿ ಅಮ್ಮ. ನಡುವಿನಲ್ಲೇ ನಿಂತಿದ್ದಾಳೆ, ಎಂತ ಅದು, ಫ್ರಿಜ್ಜಾ, ಅಯ್ಯೋ ನೀನು ಯಾಕೆ ಎತ್ತಿದ್ದು, ಏ ಆಶ್ರಿತಾ ನಿನಗಾದರೂ ಬುದ್ಧಿ ಬೇಡವಾ, ಸರ್ವು, ಇಳಿಸು ಮಗ, ಇಳಿಸಲಿಕ್ಕೆ ಜಾಗ ಇಲ್ಲ, ದಾರಿ ಬಿಡಬೇಕು ಅವಳು, ನಾನು ಬಾಯಿ ಆಡಿಸಿದೆ, ಬರೀ ತುಟಿ, ಬೆರಳಿಲ್ಲದೆ ಮಾತಿಲ್ಲ, ಬೆರಳು ಹತ್ತೂ ಪೆಟ್ಟಿಗೆಯ ಭಾರದಲ್ಲಿ, ಆಶ್ರಿತಾಳ ಹತ್ತೂ ಅಲ್ಲೇ, ಅಮ್ಮ ನನ್ನ ತುಟಿ ನೋಡಿದಳು, ಕುತ್ತಿಗೆ ನೋಡಿದಳು, ಗಾಳಿ ಹೋಗಿ ಬಂದು ಹೋಗಿ ಬಂದು ಹಾರಾಡುವ ಬಿಳಿ ಬಟ್ಟೆ ನೋಡಿದಳು, ಅವಳ ಕೈಗಳು ಮೇಲೆ ಏಳುತ್ತಿವೆ, ಬದಿಯಲ್ಲಿ ನೇತಾಡುತ್ತಿದ್ದ ಕೈಗಳು, ಎರಡೂ, ಎದೆಯ ಹತ್ತಿರ ಬರುತ್ತಿವೆ, ಬೇಡ ಅಮ್ಮ, ಬೇಡ, ನಾನು ಕಣ್ಣು ಮುಚ್ಚಬೇಕು ಎಂದುಕೊಂಡೆ, ಮುಚ್ಚಲಿಲ್ಲ — ಕೂಡಲಿಲ್ಲ ಕೈಗಳು, ಎಡಗೈ ನನ್ನ ಹೆಗಲು ಹಿಡಿಯಿತು, ಬಲಗೈ ಸೆರಗಿಗೆ ಒಮ್ಮೆ ಉಜ್ಜಿಕೊಂಡಿತು, ಬಟ್ಟೆಯ ಮೇಲಿಂದ ಜಾಗ ತಡಕಿತು, ಹೆಬ್ಬೆರಳು ಬಂದು ಕೂತಿತು, ಒತ್ತಿತು, ಎಷ್ಟು ಸರಿಯಾದ ಜಾಗ, ಗಾಳಿ ಒಂದಿಷ್ಟೂ ಬದಿಯಿಂದ ಹೋಗಲಿಲ್ಲ, ಹೇಳು, ಎಂದಳು. ಭಾರ ಅಮ್ಮ, ದಾರಿ ಬಿಡು, ಎಂದೆ, ಒಡಕು ಒಡಕಾಗಿ, ಅದು ಅವಳ ಕಿವಿಗೆ ಹೋಯಿತೋ ಇಲ್ಲವೋ, ಬೆರಳಿಗೆ ಹೋಯಿತು, ಬೆರಳು ಅದುರಿತು, ಅವಳ ಮುಖ ಆ ಬೆರಳಿನಿಂದ ಕೇಳುತ್ತಿತ್ತು, ದಾರಿ ಬಿಡಲಿಲ್ಲ, ಇನ್ನೊಮ್ಮೆ ಹೇಳು ಸರ್ವು, ಉಸಿರು ಬೇಕು ಎಂದು ಹೇಳಲಿಕ್ಕೂ ಉಸಿರಿಲ್ಲ, ಅವಳಿಗದು ಗೊತ್ತಾಯಿತು, ಎಷ್ಟು ಸಾವಿರ ಮೀನು ಹಿಡಿದ ಕೈ, ಎತ್ತಿದಳು, ಕಿವಿರಿನ ಮುಚ್ಚಳ ಎತ್ತುವ ಹಾಗೆ ಎತ್ತಿದಳು, ಗಾಳಿ ಒಳಗೆ ಬಂತು, ಒತ್ತಿದಳು, ಅಮ್ಮ ಎಂದೆ, ಎತ್ತಿದಳು, ಒತ್ತಿದಳು, ತೋಳು ನಡುಗುತ್ತಿದೆ, ಪೆಟ್ಟಿಗೆ ಜಾರುತ್ತಿದೆ, ಆಶ್ರಿತಾ ಪಪ್ಪ ಪಪ್ಪ ಎನ್ನುತ್ತಿದ್ದಾಳೆ, ಹೆಬ್ಬೆರಳು, ಸೊಟ್ಟ ಉಗುರಿನ, ಬಿರುಕು ಬಿಟ್ಟ, ಬೆಳ್ಳುಳ್ಳಿ ಬಿಡಿಸುವ ಅಮ್ಮನ ಹೆಬ್ಬೆರಳು